ಗ್ರೂಪಿಗೆ ಬಿದ್ದ ಬೀಗದ ಕೈ

"ಎಲ್ಲರಿಗೂ ಒಂದೊಂದು ಕಾಪಿ ಹಾಕ್ಬಿಟ್ಟಿದ್ದೀನಿ ಮೇಡಂ, ನೀವು ರಜಾ ಹಾಕಿದ್ರೂ ತೊಂದ್ರೆ ಇಲ್ಲ" ಎಂದು ಮದನ್ ಮೊಬೈಲು ತೋರಿಸಿದಾಗ, ಶಿವರಂಜನಿ ಎತ್ತಿದ ಕಾಫಿ ಲೋಟ ಬಾಯಿಗೆ ತಲುಪಲಿಲ್ಲ.

ಟಿ. ನರಸೀಪುರದ ಹೊಳೆದಂಡೆಯ ಪಂಪ್‌ಹೌಸನ್ನು ನಡೆಸುವ ಕಂಪ್ಯೂಟರಿಗೆ ಅವರು ನಂಜನಗೂಡಿನ ಈ ಆಫೀಸಿನಿಂದಲೇ ಆಜ್ಞೆ ಕೊಡುತ್ತಿದ್ದರು. ಪಾಸ್‌ವರ್ಡು ಎಲ್ಲರ ಬಾಯಿಗೂ ಬಿದ್ದಿತ್ತೆಂದು ಅವಳು ನಿನ್ನೆ ಆ ದಾರಿ ಮುಚ್ಚಿಸಿ, ಕೀ ಜೋಡಿ ಮಾಡಲು ಮದನ್‌ಗೆ ಹೇಳಿದ್ದಳು. ಜೋಡಿಯಲ್ಲಿ ಒಂದು ಬೀಗವಿದ್ದಂತೆ. ಅದನ್ನು ಪಂಪ್‌ಹೌಸಿನ ಕಂಪ್ಯೂಟರಿಗೆ ಹಾಕುವುದು, ಯಾರು ನೋಡಿದರೂ ನಷ್ಟವಿಲ್ಲ. ಇನ್ನೊಂದು ಬೀಗದ ಕೈ. ಅದು ಹುಟ್ಟಿದ ಜಾಗ ಬಿಟ್ಟು ಕದಲಕೂಡದು. ಮದನ್ ಅದನ್ನೇ ನೌಕರರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಕಂಪ್ಯೂಟರು ಅದಕ್ಕೊಂದು ಗುಪ್ತಪದ ಕೇಳಿದಾಗಲೂ ಬರಿದೇ ಎಂಟರ್ ಒತ್ತಿದ್ದನಂತೆ; ಕೈ ಸಿಕ್ಕವರಿಗೆಲ್ಲ ಬಾಗಿಲು ತೆರೆದಂತೆಯೇ.

"ನಮ್ಮ ಬಿಳಿಗೆರೇಲಿ ಬೀಗ ಹಾಕಿ ಹೊರಟೋರು ಬೀಗದ ಕೈನ ಪಕ್ಕದ ಮನೇಲಿ ಕೊಟ್ಟೇ ಹೋಗೋದು ಮೇಡಂ..."

"ಪಕ್ಕದ ಮನೇಲಿ ದೀಪಕ್ ಇದಾನಲ್ಲೋ!"

ಕೆಲಸದಿಂದ ತೆಗೆದ ದೀಪಕ್‌ನನ್ನು ಗ್ರೂಪಿನಿಂದ ತೆಗೆಯಲು ಎಲ್ಲರೂ ಮರೆತಿದ್ದರು. "ನೋಡ್ಕೋತೀನಿ" ಎಂದು ಹೇಳಿಯೇ ಹೋದವನು. ಸಂದೇಶವನ್ನು ಅವನು ಓದಿಯಾಗಿತ್ತು.

ಫೋನು ಬಡಿದುಕೊಂಡಿತು. ಪಂಪ್‌ಹೌಸಿನ ಪುಟ್ಟಬಸವಯ್ಯ.

"ಮೇಡಮ್ಮೋರೆ, ಪಂಪು ನಿಲ್ತದೆ, ಓಡ್ತದೆ, ನಿಲ್ತದೆ. ದೆವ್ವ ಒಕ್ಕಂಡಂಗೆ ಆಡ್ತಾ ಅದೆ ಕಣವ್ವಾ. ಮೇನ್ ಎಳೆದ್ಬುಡ್ಲಾ?"

"ಬೇಡಿ ಪುಟ್ಟಬಸವಯ್ಯನೋರೆ! ಮೇನ್ ಹೋದ್ರೆ ಕಂಪ್ಯೂಟರೂ ಹೋಗುತ್ತೆ, ನಾನೂ ಆಚೆ ಬೀಳ್ತೀನಿ."

ಹೀಗೇ ಆಡಿಸಿದರೆ ಮೋಟಾರು ಸುಡುತ್ತದೆ. ಸುಟ್ಟರೆ ಆ ನೀರು ಕುಡಿಯುವ ಅಷ್ಟೂ ಊರುಗಳ ನಲ್ಲಿ ಒಣಗುತ್ತದೆ. ಪಂಪ್‌ಹೌಸಿನ ಕಂಪ್ಯೂಟರಿಗೆ ಬೆಳಿಗ್ಗೆ ತೆರೆದಿದ್ದ ಕಿಟಕಿಯೊಂದು ಅವಳ ಪರದೆಯಲ್ಲಿ ಇನ್ನೂ ಜೀವಂತವಿತ್ತು. ಒಳಗೆ ಯಾರಿದ್ದಾರೆಂದು ಕೇಳಿದಳು. ಎರಡು ಸಾಲು ಬಂತು: ಒಂದು ಅವಳದು.

ದೀಪಕ್ ಬೀಗ ಬದಲಿಸುವ ಮುಂಚೆ ತಾನು ಬದಲಿಸಬೇಕು. ಹಳೆಯದನ್ನು ಮೊದಲು ಅಳಿಸಿ, ಅಷ್ಟರಲ್ಲಿ ಲೈನು ಕಡಿದುಹೋದರೆ ಮತ್ತೆ ಒಳಗೆ ದಾರಿಯಿಲ್ಲ. ಹೊಸ ಜೋಡಿ ಹುಟ್ಟಿಸಿದಳು; ಗುಪ್ತಪದವನ್ನು ಎರಡು ಸಲ ಬೆರಳು ತಪ್ಪದಂತೆ ಒತ್ತಿದಳು. ಹೊಸ ಬೀಗದ ಸಾಲನ್ನು ಪಂಪ್‌ಹೌಸಿನ ಕಂಪ್ಯೂಟರಿನಲ್ಲಿ ಹಳೆಯದರ ಕೆಳಗೆ ಸೇರಿಸಿದಳು. ಇನ್ನೊಂದು ಕಿಟಕಿ ತೆರೆದು ಹೊಸ ಬೀಗದ ಕೈಯಿಂದ ಬಾಗಿಲು ತಟ್ಟಿದಳು.

ಆಫೀಸಿನ ಕರೆಂಟು ಹೋಯಿತು. ಯುಪಿಎಸ್ ಕೀಚಲು ದನಿಯಲ್ಲಿ ಕೂಗತೊಡಗಿತು.

ಪರದೆಯಲ್ಲಿ ಬಾಗಿಲು ತೆರೆಯಿತು.

ಹಳೆಯ ಸಾಲು ಅಳಿಸಿದಳು. ಅಷ್ಟಕ್ಕೇ ಒಳಗಿರುವವನು ಹೊರಗೆ ಹೋಗುವುದಿಲ್ಲ; ಅವನ ಸಂಪರ್ಕದ ಸಂಖ್ಯೆ ಹುಡುಕಿ, ತನ್ನದಲ್ಲವೆಂದು ಮತ್ತೊಮ್ಮೆ ನೋಡಿ, ಕಡಿದಳು. ಪಂಪಿಗೆ ಓಡಲು ಹೇಳಿದಳು.

"ಒಂದೇ ಸಮ ಓಡ್ತಾ ಅದೆ ಕಣವ್ವಾ," ಎಂದ ಪುಟ್ಟಬಸವಯ್ಯ. "ಮೋಟ್ರು ಬಿಸಿ ಆಗ್ಯದೆ, ಸುಟ್ಟಿಲ್ಲ. ದೆವ್ವ ಬುಡ್ಸೋಕೆ ಏನ್ ಕೊಟ್ರಿ?"

"ಹೊಸ ಬೀಗ."

ಮದನ್ ತಲೆ ತಗ್ಗಿಸಿ ನಿಂತಿದ್ದ. "ಇದರ ಕೈ ಎಲ್ಲಿಡ್ಲಿ ಮೇಡಂ?"

"ಇದು ನಂದು. ನಿಂದು ನೀನೇ ಮಾಡ್ಕೋ, ನಿನ್ನ ಕಂಪ್ಯೂಟರಲ್ಲೇ. ನಂಗೆ ಬೀಗ ಮಾತ್ರ ಕೊಡು. ಅದಕ್ಕೂ ಮೊದ್ಲು ದೀಪಕ್‌ನ ಗ್ರೂಪಿಂದ ತೆಗಿ."

ಅವನು ತೆಗೆದ. ಕೂತು ಟೈಪು ಮಾಡಿದ. ಪರದೆ ಗುಪ್ತಪದ ಕೇಳಿತು. ಎಂಟರಿನ ಮೇಲೆ ಹೋದ ಬೆರಳು ಅಲ್ಲೇ ನಿಂತಿತು. ಮದನ್ ಅವಳ ಕಡೆ ತಿರುಗಿ, "ನೀವು ಆ ಕಡೆ ನೋಡಿ ಮೇಡಂ" ಎಂದ.