ಎರಡು ಬಾಗಿಲಿನ ದೇವರಮನೆ

“ಗಂಟು ಬಿಚ್ಚಕ್ಕಾಗಲ್ಲ ಕಣೇ, ಕುಯ್ದೇ ತೆಗೀಬೇಕು,” ಎಂದು ಬಸವಲಿಂಗಮ್ಮ ಒದ್ದೆ ಕೈಯನ್ನು ಹಿಂದಕ್ಕೆ ಚಾಚಿದಳು. ಅಕ್ಕನ ಮಗಳು ರೂಪಶ್ರೀ ಆ ಕೈಗೆ ಬ್ಲೇಡು ಇಟ್ಟು ಮುಖ ತಿರುಗಿಸಿಕೊಂಡಳು.

ಹಿತ್ತಿಲಿನಲ್ಲಿ ಸೀರೆ ಮರೆ ಕಟ್ಟಿ, ಕಲ್ಲಮ್ಮನನ್ನು ಮಣೆಯ ಮೇಲೆ ಕೂರಿಸಿ, ಇಬ್ಬರು ಸೊಸೆಯರೂ ಒಂದೊಂದು ತೋಳು ಹಿಡಿದುಕೊಂಡಿದ್ದರು. ಸೊಂಟಕ್ಕೆ ಕಟ್ಟಿದ್ದ ಕಪ್ಪು ದಾರ ಎಂಟು ವರ್ಷದ ಬೆವರಿಗೆ ಹುರಿಗಟ್ಟಿ ಚರ್ಮಕ್ಕೆ ಅಂಟಿಹೋಗಿತ್ತು. ಅದರಲ್ಲಿ ಇದ್ದದ್ದು ಒಂದೇ ಒಂದು ಬೀಗದ ಕೈ.

“ಚಿಕ್ಕವ್ವಾ, ದಾರ ತೆಗೆದ್ರಾ?” ಸೀರೆಯ ಆಚೆಯಿಂದ ದೊಡ್ಡ ಮಗ ಮಹಾದೇವಯ್ಯ ಕೇಳಿದ.

“ಬೀಗದ ಕೈ ಯಾರತ್ರ ಕೊಟ್ರಿ ಚಿಕ್ಕವ್ವಾ?” ಇನ್ನೊಂದು ಬದಿಯಿಂದ ಎರಡನೆಯವನು ಮಲ್ಲಿಕಾರ್ಜುನ.

ಬಸವಲಿಂಗಮ್ಮ ಸತ್ತವಳ ತಂಗಿ, ಗುಬ್ಬಿಯಿಂದ ಬೆಳಗಿನ ಬಸ್ಸಿಗೆ ಬಂದವಳು. ಯಾರ ಮುಲಾಜೂ ಇಲ್ಲದ ಹೆಂಗಸು. “ನಿಮ್ಮವ್ವನ ಮೈಮೇಲೆ ಇನ್ನೂ ನೀರು ಆರಿಲ್ಲ ಕಣ್ರಲಾ! ನಡೀರಿ ಅತ್ಲಾಗೆ,” ಎಂದು ಗದರಿ, ದಾರದ ಸಮೇತ ಬೀಗದ ಕೈಯನ್ನು ರೂಪಶ್ರೀಯ ಮುಷ್ಟಿಗೆ ತುರುಕಿದಳು. “ಇಟ್ಕೋ. ಇಬ್ರಲ್ಲಿ ಯಾರ ಕೈಗೂ ಕೊಡ್ಬ್ಯಾಡ. ಅವ್ಳು ಮಣ್ಣಾಗೋ ಗಂಟನಾದ್ರೂ ಇಟ್ಕೋ.”

ಅವ್ವನ ಮೈ ತಣ್ಣಗಿತ್ತು. ಬೀಗದ ಕೈ ಮಾತ್ರ ಸ್ನಾನದ ಬಿಸಿನೀರಿಗೆ ಬೆಚ್ಚಗಾಗಿತ್ತು. ರೂಪಶ್ರೀಗೆ ಅಳು ಉಕ್ಕಿ ಬಂದದ್ದು ಆಗಲೇ.

*

ಹಾಗಲವಾಡಿಯ ಆ ಮನೆ ಅಪ್ಪ ತೀರಿಕೊಂಡ ಮೇಲೆ ಎರಡಾಗಿತ್ತು. ನಡುಮನೆಯಲ್ಲಿ ಗೋಡೆ ಎದ್ದಿತು, ಹೊಲದಲ್ಲಿ ಬದು ಬಿತ್ತು. ದೇವರಮನೆಯನ್ನು ಪಾಲು ಹಾಕಲು ಮಾತ್ರ ಇಬ್ಬರಿಗೂ ಧೈರ್ಯ ಬರಲಿಲ್ಲ. ಆ ಕಡೆಯೊಂದು ಈ ಕಡೆಯೊಂದು ಬಾಗಿಲಿಟ್ಟು ಹಾಗೇ ಬಿಟ್ಟರು. ಯಾರ ಪಾಲಿಗೂ ಬೀಳದ ಕಲ್ಲಮ್ಮ ಅಲ್ಲೇ ಒಂದು ಮೂಲೆಯಲ್ಲಿ ಚಾಪೆ ಹಾಸಿಕೊಂಡಳು.

ಅಪ್ಪ ಕಾಡುಹಂದಿ ಓಡಿಸಲು ಲೈಸೆನ್ಸು ಮಾಡಿಸಿ ಇಟ್ಟುಕೊಂಡಿದ್ದ ಬಂದೂಕು ದೊಡ್ಡವನ ಹೆಸರಿಗೆ ಹೋಯಿತು. ಅವನ ಹತ್ತಿರ ಇದ್ದಮೇಲೆ ನನಗೂ ಬೇಡವೇ ಎಂದು ಮಲ್ಲಿಕಾರ್ಜುನ ಕಚೇರಿ ಕಚೇರಿ ಅಲೆದು ತಾನೂ ಒಂದು ತಂದ. ಕಡಲೆಕಾಯಿ ಹೊಲಕ್ಕೆ ಬರುವ ಹಂದಿಗಳೇನೂ ಹೆಚ್ಚಾಗಿರಲಿಲ್ಲ. ತೊಂಬತ್ತೆಂಟರ ಬೇಸಿಗೆಯಲ್ಲಿ ಬಾವಿಯ ಮೋಟಾರಿನ ಸರದಿಗೆ ಮಾತಿಗೆ ಮಾತು ಬೆಳೆದು, ಇಬ್ಬರೂ ಬಂದೂಕು ಹಿಡಿದು ಎದುರುಬದುರು ನಿಂತಾಗ ಒಂದು ಗುಂಡು ಹಾರಿತು. ಯಾರದ್ದು ಎಂದು ಇವತ್ತಿನವರೆಗೂ ಇಬ್ಬರೂ ಒಪ್ಪಿಲ್ಲ. ಮಧ್ಯದಲ್ಲಿ ಕಟ್ಟಿದ್ದ ಗಬ್ಬದ ಹಸು ನೆಲಕ್ಕೆ ಬಿತ್ತು.

ಅದೇ ತಿಂಗಳು ರಾಜಸ್ಥಾನದ ಮರಳಿನಡಿ ಬಾಂಬಿನ ಪರೀಕ್ಷೆಯಾಗಿ, ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಜನ ಲಾಡು ಹಂಚಿದ್ದರು. ತುಮಕೂರಿನ ಹಾಸ್ಟೆಲಿನಿಂದ ಬಿ.ಎ. ಕೊನೆಯ ವರ್ಷದ ಪರೀಕ್ಷೆಗೆ ಓದಲು ರೂಪಶ್ರೀ ಊರಿಗೆ ಬಂದಿದ್ದಳು. ಈ ಸಲ ಅಣ್ವಸ್ತ್ರದ್ದೇ ಪ್ರಶ್ನೆ ಬರುತ್ತದೆಂದು ಮೇಷ್ಟರು ಬೇರೆ ಹೇಳಿ ಕಳಿಸಿದ್ದರು. ದೇವರಮನೆಯ ತಣ್ಣನೆಯ ನೆಲದಲ್ಲಿ ಕೂತು ಅವಳು ಗಟ್ಟಿಯಾಗಿ ಉರು ಹೊಡೆಯುತ್ತಿದ್ದರೆ, ಎದುರಿಗೆ ಕಲ್ಲಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

“ಅದೇನೇ ಅದು, ಶಸ್ತ್ರಾಸ್ತ್ರ ನಿಯಂತ್ರಣ? ಎಲ್ಲಾನೂ ಬಿಸಾಕ್ಬುಡೋದಾ?”

“ಬಿಸಾಕೋದು ಬೇರೆ ಅವ್ವ, ಅದಕ್ಕೆ ನಿಶ್ಶಸ್ತ್ರೀಕರಣ ಅಂತಾರೆ. ಇದು ಹಂಗಲ್ಲ. ಇರೋದನ್ನ ಇಷ್ಟಕ್ಕೇ ನಿಲ್ಸೋದು. ಎಲ್ಲಿಟ್ಟವ್ರೆ ಅಂತ ಇಬ್ರಿಗೂ ಗೊತ್ತಿರಂಗೆ ಮಾಡೋದು. ಸಿಟ್ಟು ಬಂದ ತಕ್ಷಣ ಎತ್ಕೊಳ್ಳಕ್ಕೆ ಆಗ್ಬಾರ್ದು, ಅಷ್ಟೇ.”

“ಮತ್ತೆ ಪ್ರಸರಣ ತಡೆ ಅಂದ್ಯಲ್ಲ?”

“ಇಲ್ಲದೇ ಇರೋರು ಹೊಸದಾಗಿ ಮಾಡ್ಕೋಬಾರ್ದು ಅಂತ ಒಪ್ಪಂದ. ಐದು ದೇಶ ಮಾತ್ರ ಇಟ್ಕೋಬೋದು.”

“ಇಟ್ಕೊಂಡಿರೋರೇ ಬರ್ದಿರ್ಬೇಕು ಬುಡು,” ಎಂದಳು ಕಲ್ಲಮ್ಮ. “ನಮ್ ಮಾದೇವ ಮಲ್ಲಂಗೆ ಹೇಳ್ದಂಗೈತೆ.”

ರೂಪಶ್ರೀ ಪುಸ್ತಕ ಮಡಚಿ ನಕ್ಕಳು. ಕಲ್ಲಮ್ಮ ನಗಲಿಲ್ಲ.

“ಸರಿ, ಯಾರು ಮೊದ್ಲು ಕೆಳಗಿಡ್ತಾರೆ?”

“ಕಷ್ಟ ಇರೋದೇ ಅಲ್ಲಿ. ಮೊದ್ಲು ನೀನಿಡು ಅಂತ ಇಬ್ರೂ ಕೂತ್ಬಿಡ್ತಾರೆ. ಅದಕ್ಕೆ ಇಬ್ರೂ ಒಟ್ಟಿಗೆ ಇಡ್ಬೇಕು. ಇಟ್ಟವ್ರಾ ಇಲ್ವಾ ಅಂತ ನೋಡಕ್ಕೆ ಬೇರೆಯವ್ರು ಇರ್ತಾರೆ. ಸೀಲ್ ಹಾಕ್ತಾರೆ, ಆಗಾಗ ಬಂದು ನೋಡ್ತಾ ಇರ್ತಾರೆ.”

ಕಲ್ಲಮ್ಮ ಬೀಜವನ್ನು ಮೊರಕ್ಕೆ ಹಾಕಿದಳು. “ಆ ನೋಡೋರು ಅವ್ರ ಮನೆಗೆ ಯಾವಾಗ ಹೋಗ್ತಾರೆ?”

“ಅದು ಸಿಲೆಬಸ್ಸಲ್ಲಿಲ್ಲ ಅವ್ವ.”

ಹಸುವನ್ನು ಹೂಳಿದ ದಿನದಿಂದ ಕಲ್ಲಮ್ಮ ಎರಡು ಮನೆಯ ಮುದ್ದೆಯನ್ನೂ ಮುಟ್ಟಿರಲಿಲ್ಲ. ಸೋಮವಾರ ಪೂಜೆ ಮುಗಿಸಿ, ಗಂಡನ ಹಳೆಯ ಕಬ್ಬಿಣದ ಪೆಟ್ಟಿಗೆಯನ್ನು ದೇವರ ಮುಂದೆ ಎಳೆದು, ಮಕ್ಕಳಿಬ್ಬರನ್ನೂ ಅವರವರ ಬಾಗಿಲಿನಿಂದ ಕರೆದಳು. ಬಂದೂಕು, ತೋಟಾ ಎಲ್ಲವೂ ಬರಲಿ ಎಂದಳು. ಒಬ್ಬನು ಬಗ್ಗಿದಷ್ಟೇ ಇನ್ನೊಬ್ಬನೂ ಬಗ್ಗಿ, ಒಬ್ಬನ ಕೈಯನ್ನು ಒಬ್ಬ ನೋಡುತ್ತ ಇಬ್ಬರೂ ಇಟ್ಟರು. ಬೀಗ ಬಿತ್ತು. ಲೈಸೆನ್ಸು ಹೊಸದು ಮಾಡಿಸುವ ಕಾಲ ಬಂದಾಗ ಮೂವರೂ ಬಸ್ಸಿನ ಒಂದೇ ಸೀಟಿನಲ್ಲಿ ಗುಬ್ಬಿಗೆ ಹೋಗುತ್ತಿದ್ದರು. ಗೋಣಿಚೀಲದಲ್ಲಿ ಸುತ್ತಿದ ಬಂದೂಕುಗಳು ಅವ್ವನ ತೊಡೆಯ ಮೇಲೆ, ಮಕ್ಕಳು ಅಕ್ಕಪಕ್ಕ.

ರೂಪಶ್ರೀಗೆ ಆ ಪ್ರಶ್ನೆಗೆ ಒಳ್ಳೆಯ ಅಂಕ ಬಂತು. ಮುಂದೆ ತುಮಕೂರಿನ ಪಿ.ಯು. ಕಾಲೇಜಿನಲ್ಲಿ ಪಾಠ ಹೇಳತೊಡಗಿದ ಮೇಲೆ, ಪ್ರತಿ ವರ್ಷ ಈ ಪಾಠ ಬಂದಾಗ ಅವ್ವನ ಪೆಟ್ಟಿಗೆಯ ಕತೆ ಹೇಳುತ್ತಿದ್ದಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು.

*

ಮೈಗೆಲ್ಲ ವಿಭೂತಿ ಬಳಿದು ಕಲ್ಲಮ್ಮನನ್ನು ಜಗಲಿಯ ಮೇಲೆ ಕೂರಿಸಿದ್ದರು. ಹೂವಿನ ಹಾರದ ನಡುವೆ ಅವಳ ಮುಖ ಇನ್ನೂ ಚಿಕ್ಕದಾಗಿ ಕಾಣುತ್ತಿತ್ತು. ಮಹಾದೇವಯ್ಯ ತಂಗಿಯನ್ನು ಬಣವೆಯ ಹಿಂದಕ್ಕೆ ಕರೆದ.

“ನೋಡವ್ವ ರೂಪ, ನಂಗೇನು ಆ ಕೋವಿ ಮೇಲೆ ಆಸೆ ಇಲ್ಲ. ಆದ್ರೆ ಇವತ್ತು ರಾತ್ರಿನೇ ಅವ್ನು ಬೀಗ ಮುರೀತಾನೆ. ಅದಕ್ಕೆ ಮುಂಚೆ ನಂದು ನಂಗೆ ಕೊಟ್ಬುಡು.”

“ಇಬ್ರೂ ಹೋಗಿ ಸ್ಟೇಷನ್ನಿಗೆ ಒಪ್ಪಿಸ್ಬಿಡಿ ಅಣ್ಣ.”

“ಅವ್ನು ಮೊದ್ಲು ಒಪ್ಪಿಸ್ಲಿ.”

ಸ್ವಲ್ಪ ಹೊತ್ತಿಗೆ ಮಲ್ಲಿಕಾರ್ಜುನ ಕೊಟ್ಟಿಗೆಯ ಹತ್ತಿರ ಅಡ್ಡ ಹಾಕಿದ. ಅವನೂ ಅದೇ ಮಾತು, ಅದೇ ಭಯ. “ಅವ್ನು ತಗೊಳ್ಳಲ್ಲ ಅಂತ ಗೊತ್ತಾದ್ರೆ ನಂಗೂ ಬ್ಯಾಡ ಕಣವ್ವ. ಆದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು? ಇಷ್ಟು ದಿನ ಅವ್ವ ಇದ್ಲು.” ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿತು. ಅದು ಅವ್ವನಿಗೋ ಭಯಕ್ಕೋ ಅವನಿಗೇ ತಿಳಿದಿತ್ತೋ ಇಲ್ಲವೋ.

ರೂಪಶ್ರೀಯ ಗಂಡ ಗಡಿಯಾರ ನೋಡಿಕೊಳ್ಳುತ್ತಿದ್ದ. “ಸಂಜೆ ಬಸ್ಸಿಗೆ ಹೊರಟ್ಬಿಡೋಣ. ಪಾಪು ಕುಣಿಗಲ್‌ನಲ್ಲಿ ನಮ್ಮಮ್ಮನ ಹತ್ರ ಒಂದು ರಾತ್ರಿಗಿಂತ ಜಾಸ್ತಿ ಇರಲ್ಲ. ಆ ಬೀಗದ ಕೈನ ಅಯ್ನೋರ ಕೈಗೆ ಕೊಟ್ಟು ಕೈತೊಳ್ಕೋ.”

ಅವಳು ಹಾಗೇ ಮಾಡಲು ಹೋದಳು. ಮಠದ ಅಯ್ನೋರು ಪರಮಶಿವಯ್ಯನವರು ಬಿಲ್ವಪತ್ರೆ ಆರಿಸುತ್ತ ಕೂತಿದ್ದವರು ತಲೆ ಅಲ್ಲಾಡಿಸಿದರು. “ಬೀಗದ ಕೈ ಇಟ್ಕೋಬೋದು ತಾಯಿ. ಪೆಟ್ಟಿಗೆ ಕಾಯೋರು ಯಾರು? ಅಷ್ಟು ವರ್ಷ ನಿಮ್ಮವ್ವ ಕಾದ್ಲಲ್ಲ, ಅದು ನನ್ ಕೈಲಾಗಲ್ಲ.”

“ಅವ್ವ ಏನು ಕಾಯ್ತಿದ್ಲು? ಬೀಗ ಇತ್ತಲ್ಲ,” ಎಂದಳು ರೂಪಶ್ರೀ.

ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಬಸವಲಿಂಗಮ್ಮನ ಕೈ ನಿಂತಿತು. “ಅಯ್ಯೋ ಹುಚ್ಚಿ, ಆ ತಗಡಿನ ಬೀಗ ಒಂದು ಕಲ್ಲೇಟಿಗೆ ತಾಳುತ್ತಾ? ಹಗಲೊತ್ತು ಸೊಸೇರು ಒಬ್ರುನ್ನೊಬ್ರು ನೋಡ್ಕೊಂಡಿರೋರು. ಕತ್ಲಾದ್ರೆ ಅವ್ಳು ಪೆಟ್ಗೆಗೆ ಒರಗ್ಕೊಂಡೇ ಮಲಗ್ಬೇಕು. ದಿನಾ ರಾತ್ರಿ ಆ ಬಾಗ್ಲಿಂದ ಒಬ್ಬ, ಈ ಬಾಗ್ಲಿಂದ ಒಬ್ಬ ಬಂದು ಇಣುಕಿ ‘ಅವ್ವ, ಮಲಗಿದ್ಯಾ’ ಅನ್ನೋರು. ಅವ್ಳು ಹ್ಞೂಂ ಅಂದ್ಮೇಲೇನೇ ಅವ್ರಿಗೆ ನಿದ್ದೆ. ನನ್ ಮಗನ ಮದ್ವೆಗೂ ಅವ್ಳು ಗುಬ್ಬೀಲಿ ಉಳೀಲಿಲ್ಲ.”

ಹಬ್ಬಕ್ಕೆ ಬಂದಾಗ ರೂಪಶ್ರೀಯೂ ಆ ‘ಮಲಗಿದ್ಯಾ’ ಎಂಬ ಮಾತು ಕೇಳಿದ್ದಳು. ಅಣ್ಣಂದಿರು ಜಗಳವಾಡಿದರೂ ಅವ್ವನನ್ನು ವಿಚಾರಿಸಿಕೊಳ್ಳುತ್ತಾರೆ ಎಂದು ಅವಳಿಗೆ ಸಮಾಧಾನವಾಗುತ್ತಿತ್ತು. ಅವರು ನೋಡಲು ಬರುತ್ತಿದ್ದದ್ದು ಅವ್ವನನ್ನಲ್ಲ.

*

ರೂಪಶ್ರೀಯ ಮಗಳು ಹುಟ್ಟಿದ್ದು ತುಮಕೂರಿನಲ್ಲಿ. ಕೂಸಿನ ತೂಕ ಕಡಿಮೆ, ಆಸ್ಪತ್ರೆಗೆ ಹತ್ತಿರವೇ ಇರಬೇಕು, ಊರಿಗೆ ಕರೆದೊಯ್ಯುವಂತಿಲ್ಲ ಎಂದರು ಡಾಕ್ಟರು. ಕಲ್ಲಮ್ಮ ಮೊದಲ ಬಸ್ಸಿಗೆ ಬಂದಳು. ಬಾಣಂತಿ ಖಾರ, ಬೆಳ್ಳುಳ್ಳಿ, ಹಳೇ ಸೀರೆಯ ಮೆತ್ತನೆ ಬಟ್ಟೆ, ಎಲ್ಲ ತಂದಿದ್ದಳು. ಮೊಮ್ಮಗಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದಳು. ನಾಲ್ಕು ಗಂಟೆಗೆ ಸೆರಗು ಕೊಡವಿ ಎದ್ದಳು.

“ಒಂದು ರಾತ್ರಿ ಇರವ್ವ,” ಎಂದಳು ರೂಪಶ್ರೀ. “ನಂಗೆ ಹೆದರಿಕೆ ಆಗುತ್ತೆ.”

“ಇರಕ್ಕಾಗಲ್ಲ ಕಣೇ.”

“ಅಲ್ಲೇನಿದೆ ಅಂತ ಓಡ್ತೀಯ? ಗಂಡುಮಕ್ಕಳು ಮಾತ್ರ ಮಕ್ಕಳಾ ನಿಂಗೆ?”

ಕಲ್ಲಮ್ಮ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದಳು. ಮಂಚದ ಪಕ್ಕ ರೂಪಶ್ರೀಯ ಅತ್ತೆ, ಕುಣಿಗಲ್‌ನಿಂದ ಬಂದ ಬೀಗಿತಿ, ಕೂತಿದ್ದಳು. ಅವಳ ಮುಂದೆ ಮಕ್ಕಳ ಮಾನ ತೆಗೆಯುವುದು ಬೇಡವೆನ್ನಿಸಿತೋ ಏನೋ, “ಹಸು ಕರು ಅವೆ,” ಎಂದಷ್ಟೇ ಅಂದು ಹೊರಟುಹೋದಳು. ಬಾಣಂತನವೆಲ್ಲ ಆ ಅತ್ತೆಯೇ ಮಾಡಿದಳು. ನಿಮ್ಮ ತಾಯಿಗೆ ಮಗಳಿಗಿಂತ ಹಸು ಹೆಚ್ಚಾಯಿತೇ ಎಂಬ ಮಾತು ಆಮೇಲೆ ಎಷ್ಟೋ ಸಲ ಕೇಳಬೇಕಾಯಿತು. ರೂಪಶ್ರೀ ಊರಿಗೆ ಹೋಗುವುದನ್ನೇ ಕಡಿಮೆ ಮಾಡಿದಳು. ಫೋನಿನಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಐದು ವರ್ಷ ಹಾಗೇ ಕಳೆದುಹೋಯಿತು, ಇನ್ನು ಅದನ್ನು ಯಾರ ಹತ್ತಿರ ಹೇಳಿಕೊಂಡು ಅಳುವುದು?

*

ಹೊಲದಲ್ಲಿ ಅಪ್ಪನ ಸಮಾಧಿಯ ಪಕ್ಕದಲ್ಲೇ ಗುಂಡಿ ತೋಡಿದ್ದರು. ಮಕ್ಕಳಿಬ್ಬರೂ ಒಳಗಿಳಿದು ಕೈಚಾಚಿ ಅವ್ವನನ್ನು ಇಳಿಸಿಕೊಂಡರು. ಗುಂಡಿಯೊಳಗಿನ ಗೂಡಿನಲ್ಲಿ ಕೂರಿಸುವಾಗ ಅವಳ ತಲೆ ವಾಲಿತು. ಇಬ್ಬರ ಕೈಗಳೂ ಒಟ್ಟಿಗೇ ಹೋಗಿ ತಡೆದವು. ಎಡಗೈಯಲ್ಲಿ ಲಿಂಗ ಇಟ್ಟರು, ಸುತ್ತ ವಿಭೂತಿ, ಪತ್ರೆ, ಉಪ್ಪು ತುಂಬಿದರು. ಮಹಾದೇವಯ್ಯ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಮಲ್ಲಿಕಾರ್ಜುನ ಅವ್ವನ ಪಾದ ಹಿಡಿದು ಬಿಡಲೇ ಇಲ್ಲ.

“ಆಯ್ತು, ಮಕ್ಕಳು ಮೇಲೆ ಬನ್ನಿ. ಮಣ್ಣು ಕೊಡೋಣ,” ಎಂದರು ಪರಮಶಿವಯ್ಯನವರು.

ಇಬ್ಬರೂ ಎದ್ದು ನಿಂತರು. ಎದೆಯೆತ್ತರದ ಗುಂಡಿ. ಮೇಲಿನಿಂದ ಯಾರೋ ಕೈ ಕೊಟ್ಟರು. ಮಹಾದೇವಯ್ಯ ಅದನ್ನು ಹಿಡಿಯಲಿಲ್ಲ. ಆಚೆ, ಎರಡು ಹೊಲದಾಚೆಗೆ ಮನೆ ಕಾಣುತ್ತಿತ್ತು. ಊರೆಲ್ಲ ಇಲ್ಲಿತ್ತು. ದೇವರಮನೆಯಲ್ಲಿ ಪೆಟ್ಟಿಗೆ ಕಾಯಲು ಯಾರೂ ಇರಲಿಲ್ಲ.

“ನೀನ್ ಹತ್ತಲಾ,” ಎಂದ ದೊಡ್ಡವನು, ತಮ್ಮನ ಮುಖ ನೋಡದೆ.

“ನೀನೇ ಹತ್ತಣ್ಣ, ದೊಡ್ಡೋನು.”

“ನಾನು ಹತ್ತಿದ್ಮೇಲೆ ನೀನು ಅಂತೀಯ ನಾನು ಓಡ್ದೆ ಅಂತ.”

“ನೀನು ಮಾತ್ರ ಅನ್ನಲ್ವಾ?”

ಜನ ಗುಸುಗುಸು ಅನ್ನತೊಡಗಿದರು. ಕಲ್ಲಮ್ಮ ಇಬ್ಬರ ನಡುವೆ ಕಣ್ಣು ಮುಚ್ಚಿ ಕೂತಿದ್ದಳು. ಆ ಅವಮಾನವನ್ನು ನೋಡಲಾರದೆ ಬಸವಲಿಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ಬಸ್ಸಿಗೆ ಹೊತ್ತಾಗುತ್ತೆ ರೂಪ,” ಎಂದು ಗಂಡ ಹಿಂದಿನಿಂದ ಮೆಲ್ಲಗೆ ಹೇಳಿದ.

ರೂಪಶ್ರೀ ಅವನ ಕಡೆ ತಿರುಗಲಿಲ್ಲ. ಗುಂಡಿಯ ಅಂಚಿಗೆ ಬಂದು ಮಂಡಿಯೂರಿ, ಎರಡೂ ಕೈಗಳನ್ನು ಕೆಳಗೆ ಚಾಚಿದಳು. ಬಲಗೈ ಒಬ್ಬನ ಕಡೆ, ಎಡಗೈ ಇನ್ನೊಬ್ಬನ ಕಡೆ.

“ಇಬ್ರೂ ಒಟ್ಟಿಗೆ ಹಿಡ್ಕೊಳ್ಳಿ,” ಎಂದಳು. “ನಾನು ಇಲ್ಲೇ ಇರ್ತೀನಿ.”

ಉಪ್ಪು ವಿಭೂತಿ ಮೆತ್ತಿದ ಎರಡು ಒರಟು ಕೈಗಳು ಮೇಲೆ ಬಂದು ಅವಳ ಮಣಿಕಟ್ಟುಗಳನ್ನು ಹಿಡಿದವು. ಇಬ್ಬರು ಗಂಡಸರ ಭಾರವೂ ಒಂದೇ ಸಲ ಬಿದ್ದು ತೋಳು ಕಿತ್ತು ಬರುವಂತಾಯಿತು. ಬಸವಲಿಂಗಮ್ಮ ಓಡಿಬಂದು ಅವಳ ಸೊಂಟ ತಬ್ಬಿಕೊಂಡಳು. ಮಂಡಿಯ ಕೆಳಗಿನ ಹಸಿಮಣ್ಣು ಕುಸಿದು, ಯಾರೂ ಇನ್ನೂ ಮಣ್ಣು ಕೊಡದ ಕಲ್ಲಮ್ಮನ ಮಡಿಲಿಗೆ ಹಿಡಿ ಹಿಡಿಯಾಗಿ ಉದುರಿತು. ರೂಪಶ್ರೀ ಹಲ್ಲು ಕಚ್ಚಿ ಎರಡು ಕೈಯನ್ನೂ ಸಮಸಮವಾಗಿ ಎಳೆಯುತ್ತಿದ್ದಳು.