ಕೆಂಪಿಯ ಲಂಗ

ನಗು ಬರಲಿಲ್ಲ, ಇದೇನು, ಗೊಂಬೆ ಕೆಂಪಿ ಹೊಸಿಲು ಎಡವಿದರೂ ಟೀವಿಯೊಳಗಿನ ಆ ಗುಂಪುನಗು ಬರಲಿಲ್ಲವಲ್ಲ, ಒಂಬತ್ತು ವರ್ಷದಿಂದ ಭಾನುವಾರ ತಪ್ಪದೆ ಜಲ್ಲಿ ಸುರಿದ ಹಾಗೆ ಸುರಿಯುತ್ತಿದ್ದ ನಗು ಇವತ್ತು ಎಲ್ಲಿ ಹಾಳಾಗಿ ಹೋಯಿತು ಅಂತ ಭಾಗ್ಯಮ್ಮನ ಬೆರಳು ದಾರದ ಮೇಲೇ ನಿಂತುಬಿಟ್ಟಿತು, ಕಡ್ಡಿಯ ಈ ಕಡೆ ಎರಡು ಎಲೆ, ಆ ಕಡೆ ಒಂದು, ನಾಲ್ಕನೆಯ ಎಲೆ ಇನ್ನೂ ರಾಣಿಯ ಕೈಯಲ್ಲಿದೆ, ರಾಣಿ ಟೀವಿಗೆ ಬೆನ್ನು ಹಾಕಿ ಕೂತು ಹೊಗೆಸೊಪ್ಪನ್ನು ಎತ್ತಿ ಎತ್ತಿ ಕೊಡುತ್ತಿದ್ದಾಳೆ, ಹದಿನಾಲ್ಕರ ಹುಡುಗಿ, ಹೆತ್ತ ಮಗಳು, ಈ ಕಾರ್ಯಕ್ರಮಕ್ಕೆ ಆರು ವರ್ಷದಿಂದ ಬೆನ್ನು ಹಾಕಿಯೇ ಕೂರುವವಳು. ದಾರ ಸುತ್ತವ್ವ, ಸೊಪ್ಪು ಬಾಡ್ತದೆ ಅನ್ನುತ್ತಾಳೆ ರಾಣಿ ತಲೆ ಎತ್ತದೆ, ಸುತ್ತಿದಳು ಭಾಗ್ಯಮ್ಮ, ಮಧ್ಯಾಹ್ನದೊಳಗೆ ಸೊಪ್ಪು ಒಣಗಿಸುವ ಬ್ಯಾರನ್‌ಗೆ ಕಡ್ಡಿ ಏರಿಸಬೇಕು, ಗಂಡ ನಂಜಯ್ಯ ಆಗಲೇ ಅಲ್ಲಿ ಸೌದೆ ಒಟ್ಟುತ್ತಿದ್ದಾನೆ, ಮುಯ್ಯಾಳಾಗಿ ಬಂದಿರುವ ಪಕ್ಕದ ಮನೆಯ ಭದ್ರಮ್ಮ ಮಾತ್ರ ಕೈಯಿಗಿಂತ ಹೆಚ್ಚಾಗಿ ಕಣ್ಣು ಆಡಿಸುತ್ತಾ, ಅಯ್ ನೋಡಮ್ಮಿ ಭಾಗ್ಯ, ಆ ಕನ್ನಡಕದ ಗೊಂಬೆ ಕೆಂಪಿ ಕೈ ಇಡ್ದು ಎತ್ತುತಾ ಅವ್ನೆ, ಏನ್ ಬಂತೋ ಇವ್ನಿಗೆ ಒಳ್ಳೆ ಬುದ್ಧಿ, ಎಂದು ಬಾಯಲ್ಲಿದ್ದ ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿದಳು. ಒಳ್ಳೆಯ ಬುದ್ಧಿಯಂತೆ.

ಹೌದು, ಎತ್ತಿದ. ಪಿಂಟು ಕೆಂಪಿಯ ಕೈ ಹಿಡಿದು ಎತ್ತಿದ, ನೋವಾಯಿತಾ ಎಂದು ಕೇಳಿದ, ಇಷ್ಟು ವರ್ಷ ಅವಳು ಬಿದ್ದಾಗಲೆಲ್ಲ ಬೆನ್ನ ಮೇಲೆ ಕೂತು ಕುದುರೆಯಾಡಿದ ಪಿಂಟು — ಗಿಲಕಿ ಗುಂಪು ಅಂತ ಕಾರ್ಯಕ್ರಮದ ಹೆಸರು, ಅದರಲ್ಲಿ ಐದು ಗೊಂಬೆ, ನಾಲ್ಕು ಪೇಟೆಯವು, ಬೂಟಿನವು, ಹಬ್ಬಕ್ಕೊಂದು ಹೊಸ ಬಟ್ಟೆಯವು, ಐದನೆಯದು ಕೆಂಪಿ, ಹಳ್ಳಿಯಿಂದ ಬಂದವಳಂತೆ, ಹರಿದ ಲಂಗ, ಕೆದರಿದ ತಲೆ, ಅವಳ ಕೆಲಸವೇ ಎಡವುವುದು, ಫೋನನ್ನು ತಲೆಕೆಳಗೆ ಹಿಡಿಯುವುದು, ಸೋಪನ್ನು ಮಿಠಾಯಿ ಅಂತ ಕಚ್ಚುವುದು. ಈಗ ನೋಡು, ಎಣ್ಣೆ ಹಚ್ಚಿ ಬಾಚಿದ್ದಾರೆ, ಎರಡು ಜಡೆ, ಹಳದಿ ರಿಬ್ಬನ್ನು, ಚೊಕ್ಕ ನೀಲಿ ಲಂಗ, ಇವತ್ತಿನಿಂದ ನಮ್ಮ ಗುಂಪಿನಲ್ಲಿ ಕೆಲವು ಬದಲಾವಣೆ ಪುಟಾಣಿಗಳೇ ಅಂತ ಶುರುವಿಗೇ ಒಬ್ಬ ಹೆಂಗಸು ಸೀರೆಯ ಸೆರಗು ಸರಿಮಾಡಿಕೊಂಡು ಹೇಳಿಯೂ ಹೇಳಿದಳು, ಯಾರನ್ನೂ ನೋಡಿ ನಗುವುದಿಲ್ಲ, ಯಾರೊಂದಿಗಾದರೂ ಸೇರಿ ನಗುತ್ತೇವೆ, ಅಂತ. ಆಹಾ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಒಳ್ಳೆಯದೇ, ಒಳ್ಳೆಯದಲ್ಲ ಅಂತ ಯಾರು ಹೇಳಿದರು, ಕಣ್ಣಿಗೆ ತಂಪಾಗಿಯೇ ಇದೆ, ಆದರೆ ಒಂದು ಬಾಚಣಿಗೆ ಹಿಡಿಯುವುದಕ್ಕೆ ಒಂಬತ್ತು ವರ್ಷ ಬೇಕಾಯಿತೇ ಇವರಿಗೆ, ಒಂದು ಗೊಂಬೆ ಇನ್ನೊಂದು ಗೊಂಬೆಯ ಕೈ ಹಿಡಿದು ಎತ್ತುವುದಕ್ಕೆ ಇವರ ಗಂಟೇನು ಹೋಗುತ್ತಿತ್ತು, ಮೇಲೆ ಕೂತು ಬೆರಳಾಡಿಸುವವರು ಮನುಷ್ಯರೇ ತಾನೆ, ಅಥವಾ ಅವರೂ ಬಟ್ಟೆಚೂರು ತುಂಬಿದವರೋ. ಭಾಗ್ಯಮ್ಮ ದಾರವನ್ನು ಜಗ್ಗಿ ಬಿಗಿದಳು, ಎಲೆಯ ತೊಟ್ಟು ಕತ್ತರಿಸಿ ಬಂತು, ರಾಣಿ ಬೇರೆ ಎಲೆ ಕೊಟ್ಟಳು.

ಏನೂ ಹೇಳುವುದಿಲ್ಲ ಅವಳು. ಮೊನ್ನೆ ಗುರುವಾರ ಗುರುಮಲ್ಲಪ್ಪ ಮೇಷ್ಟ್ರು ರಾವಂದೂರಿನ ಹೈಸ್ಕೂಲಿನಿಂದ ಸೈಕಲ್ ತುಳಿದುಕೊಂಡು ಮನೆಯವರೆಗೆ ಬಂದು ಜಗುಲಿಯಲ್ಲಿ ಕೂತು, ನೋಡಿ ಭಾಗ್ಯಮ್ಮ, ಪಿರಿಯಾಪಟ್ಟಣದಲ್ಲಿ ತಾಲೂಕಿನ ಮಕ್ಕಳ ಸ್ಪರ್ಧೆ, ಕತೆ ಹೇಳೋದಕ್ಕೆ ನಿಮ್ಮ ರಾಣಿಗಿಂತ ಬೇರೆ ಇಲ್ಲ, ಅವಳು ಕಾಗದದ ಮೇಲೆ ಬರೆದದ್ದನ್ನ ನಾನು ಸ್ಟಾಫ್ ರೂಮಲ್ಲಿ ಓದಿ ಎಲ್ಲರನ್ನೂ ನಗಿಸಿದೀನಿ, ಆದ್ರೆ ಎದ್ದು ನಿಲ್ಲಿಸಿದ್ರೆ ಬಾಯಿಗೆ ಕೈ ಅಡ್ಡ ಇಟ್ಕೊಂತಾಳೆ, ಆ ಕೈ ತೆಗೆಸಿ ನೀವು, ಸೋಮವಾರ ಹೆಸರು ಕಳಿಸಬೇಕು ನಾನು, ಎಂದಿದ್ದರು. ಸೋಮವಾರ, ಅಂದರೆ ನಾಳೆ. ಆ ಕೈ ತೆಗೆಸಿ ನೀವು. ಮೇಷ್ಟ್ರಿಗೇನು ಗೊತ್ತು, ಅವರು ಹೋದ ವರ್ಷ ವರ್ಗವಾಗಿ ಬಂದವರು, ಆ ಕೈ ಬಲಗೈ, ಐದು ಬೆರಳೂ ಒತ್ತೊತ್ತಾಗಿ, ಮೂಗಿನ ಕೆಳಗಿಂದ ಗಲ್ಲದವರೆಗೆ, ಯಾರಾದರೂ ಹೆಸರೇನು ಎಂದು ಕೇಳಿದರೂ ಅದರ ಹಿಂದಿನಿಂದಲೇ ರಾಣಿ ಅನ್ನುವುದು, ಬಸ್ಸಿನಲ್ಲಿ, ಅಂಗಡಿಯಲ್ಲಿ, ನೆಂಟರ ಮುಂದೆ, ಏನಮ್ಮಿ ನಿನ್ ಮಗಳಿಗೆ ಅಲ್ಲು ನೋವಾ ಅಂತ ಕೇಳಿದವರೂ ಇದ್ದಾರೆ. ಹಟ್ಟಿಯಲ್ಲಿ ಎಮ್ಮೆ ಹಾಲು ಕರೆಯುವಾಗ ಮಾತ್ರ ಎರಡು ಕೈಯೂ ಕೆಲಸದಲ್ಲಿರುತ್ತವೆ, ಆಗ ಎಮ್ಮೆಗೆ ಕತೆ ಹೇಳುತ್ತಾಳೆ, ಎಂಥ ಕತೆ, ಗೋಡೆಯ ಈ ಕಡೆ ನಿಂತು ಕೇಳಿದ ಭಾಗ್ಯಮ್ಮನಿಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗಿರಲಿಲ್ಲ.

ಗೌರಿ ಹಬ್ಬದಿಂದ ಬಂದದ್ದು ಇದೆಲ್ಲ. ಆಗ ರಾಣಿಗೆ ಎಂಟು, ಮನೆಯಲ್ಲಿದ್ದದ್ದು ಕಪ್ಪುಬಿಳುಪಿನ ಚಿಕ್ಕ ಟೀವಿ, ಭಾಗ್ಯಮ್ಮ ಅತ್ತಿಗೆ ನಾದಿನಿಯರಿಗೆ ಬಾಗಿನದ ಮೊರ ಜೋಡಿಸುತ್ತಿದ್ದಾಗ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬಳೆ ಎಣಿಸುತ್ತಿದ್ದವಳು ಕೇಳಿದಳು, ಅವ್ವ, ಕೆಂಪಿಗೆ ಯಾರು ಬಾಗ್ನ ಕಳುಸ್ತಾರೆ, ಅವ್ಳಿಗೆ ಅವ್ವ ಇಲ್ವಲ್ಲ. ಇಲ್ಲವಲ್ಲ ನಿಜಕ್ಕೂ, ಮೂರು ವರ್ಷ ನೋಡಿದ್ದಾರೆ, ಪಿಂಟುವಿನ ಅಪ್ಪ ಅಮ್ಮ ಬರುತ್ತಾರೆ, ಕೆಂಪಿಯ ಕಡೆಯವರು ಅಂತ ಒಂದು ನರಪಿಳ್ಳೆ ಬಂದದ್ದಿಲ್ಲ, ಹಬ್ಬದ ದಿನವೂ ಅದೇ ಹರಕು. ನಾವೇ ಕಳ್ಸನ ಬುಡು ಎಂದವಳು ಭಾಗ್ಯಮ್ಮನೇ, ಹೌದು, ಅವಳೇ, ಹೆಣ್ಣುಮಗಳು ಹಬ್ಬಕ್ಕೆ ಬರಿಗೈಲಿ ಇರಬಾರದು, ಮನುಷ್ಯಳಾದರೇನು ಗೊಂಬೆಯಾದರೇನು. ರಾಣಿಯ ಲಂಗದಲ್ಲಿ ಉಳಿದ ಹಸಿರು ರೇಷ್ಮೆಯ ತುಂಡಿತ್ತು, ಸಣ್ಣ ಜರಿ ಅಂಚು, ಅಳತೆಗೆ ಏನು ಮಾಡುವುದು, ಮುಂದಿನ ಭಾನುವಾರ ಕೆಂಪಿ ಒಬ್ಬಳೇ ಟೀವಿಯಲ್ಲಿ ನಿಂತಾಗ ರಾಣಿ ದಾರದ ಒಂದು ತುದಿಯನ್ನು ಗಾಜಿನ ಮೇಲೆ ಅವಳ ಸೊಂಟಕ್ಕೆ ಒತ್ತಿದಳು, ಭಾಗ್ಯಮ್ಮ ಇನ್ನೊಂದು ತುದಿಯನ್ನು ಪಾದಕ್ಕೆ ಎಳೆದಳು, ಅವ್ವ ಚುರ್ ಅಂತದೆ, ಅಲ್ಲಾಡಬ್ಯಾಡ ಕಣೆ ಅಳ್ತೆ ತಪ್ತದೆ, ನಾಲ್ಕು ಬೆರಳುದ್ದ ಬಂತು, ಗಂಟು ಹಾಕಿಟ್ಟುಕೊಂಡರು. ಮನುಷ್ಯರು ಟೀವಿಯಲ್ಲಿ ಚಿಕ್ಕದಾಗಿ ಕಾಣುತ್ತಾರೆ ಅಂತ ಅವಳಿಗೆ ಗೊತ್ತಿಲ್ಲವೇ, ಗೊತ್ತು, ಆದರೆ ಗೊಂಬೆ, ಗೊಂಬೆ ಹೇಗೂ ಚಿಕ್ಕದೇ ಅಲ್ಲವೇ, ಮನೆಯಲ್ಲಿದ್ದ ಚನ್ನಪಟ್ಟಣದ ಗೊಂಬೆಯೂ ಅಷ್ಟೇ ಇತ್ತು, ಅದು ಇನ್ನೂ ಎಷ್ಟು ಚಿಕ್ಕದಾಗಬೇಕು. ಎರಡು ದಿನ ಕೂತು ನೆರಿಗೆ ಹಿಡಿದು ಹೊಲಿದಳು, ಸೂಜಿ ಹಿಡಿಯುವುದಕ್ಕೂ ಜಾಗವಿರಲಿಲ್ಲ ಆ ಲಂಗದಲ್ಲಿ, ಅಂಗೈಯಗಲದ ಮೊರ, ಅದರಲ್ಲಿ ಅರಿಶಿನ ಕುಂಕುಮ, ಕಿವಿಯೋಲೆಯಷ್ಟು ಬಳೆ, ರಾಣಿಯೇ ಬರೆದ ಕಾಗದ, ಕೆಂಪಿ ನೀನು ನನ್ನ ಅಕ್ಕ, ಇದನ್ನು ಉಟ್ಟುಕೋ, ಬೀಳಬೇಡ. ಪೋಸ್ಟಾಫೀಸಿನಲ್ಲಿ ಡಬ್ಬಿ ಕೊಟ್ಟು ಬರುವಾಗ ತವರಿಗೆ ಹೋಗಿ ಬಂದಷ್ಟು ಹಗುರವಾಗಿತ್ತು ಜೀವ.

ಬೀಳಬೇಡ ಅಂತ ಬರೆದಿದ್ದಳು ಮಗು. ಅವರಿಂದ ಕಾರ್ಡು ಬಂತು, ಇಂಥ ಭಾನುವಾರ ನಿಮ್ಮ ಉಡುಗೊರೆಯನ್ನು ತೋರಿಸುತ್ತೇವೆ, ಊರಿಗೆಲ್ಲ ಹೇಳಿಯಾಯಿತು, ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ, ರಾಣಿ ಹೊಸ ಲಂಗ ಉಟ್ಟು ಟೀವಿಯ ಮುಂದೆಯೇ ನಿಂತಳು, ಡಬ್ಬಿ ತೆರೆದವನು ಪಿಂಟು, ಲಂಗ ತೆಗೆದ, ಹಿಂದೆ ಮುಂದೆ ತಿರುಗಿಸಿದ, ಕೆಂಪಿಯ ಪಕ್ಕ ಹಿಡಿದ — ಆಗಲೇ ಗೊತ್ತಾದದ್ದು, ಕೆಂಪಿ ಮೊಳಕ್ಕಿಂತ ದೊಡ್ಡವಳು, ಲಂಗ ಅವಳ ತೋಳಿಗೂ ಸಾಲದು — ಕೊನೆಗೆ ಅದನ್ನು ತನ್ನ ಮೂಗಿಗೆ ಏರಿಸಿಕೊಂಡು ಕುಣಿದ, ರಾವಂದೂರಿನ ರಾಣಿ ಕಳಿಸಿದ ಮೂಗಿನ ಲಂಗ, ರಾವಂದೂರಿನ ರಾಣಿ ಕಳಿಸಿದ ಮೂಗಿನ ಲಂಗ, ಹೆಸರನ್ನು ಮತ್ತೂ ಒಂದು ಸಲ ಹೇಳಿದ, ಜಲ್ಲಿಯ ನಗು ಸುರಿಯಿತು, ಕಾಗದ ಓದಲೇ ಇಲ್ಲ. ಒಂದು ಸಾಲು ಓದಿದ್ದರೆ ಸಾಕಿತ್ತಲ್ಲ ಪಾಪಿಗಳೇ, ಅಕ್ಕ ಅಂತ ಬರೆದಿದ್ದಳು. ಸೋಮವಾರ ಶಾಲೆಯಲ್ಲಿ ಮೂಗಿನ ಲಂಗ, ಮಂಗಳವಾರ ಮೂಗಿನ ಲಂಗ, ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಂಕ್ತಿಯ ಆ ತುದಿಯಿಂದ, ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ, ಹಾಗೆ ಬಂದು ಕೂತದ್ದು ಆ ಕೈ ಬಾಯಿಯ ಮೇಲೆ. ಈಗ ಬದಲಾದರಂತೆ ಇವರು.

ಅಮ್ಮಿ, ಇನ್ನೊಂದ್ ಡಬ್ಬಿ ತಗದ್ರು ನೋಡು ಎಂದಳು ಭದ್ರಮ್ಮ, ಭೇರ್ಯದ ಕಡೆಯ ಯಾವುದೋ ಮಗು ಭತ್ತದ ಹುಲ್ಲಿನಲ್ಲಿ ಗುಬ್ಬಚ್ಚಿ ಮಾಡಿ ಕಳಿಸಿದೆ, ವಕ್ರವಾಗಿದೆ, ಒಂದು ರೆಕ್ಕೆ ದೊಡ್ಡದು ಒಂದು ಚಿಕ್ಕದು, ಈಗ ಕುಣಿಯುತ್ತಾನೆ ಪಿಂಟು, ಈಗ ಅದನ್ನು ತಲೆಯ ಮೇಲಿಟ್ಟುಕೊಳ್ಳುತ್ತಾನೆ, ಇಲ್ಲ, ಕೆಂಪಿ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡಳು, ಈ ಗಂಟು ಎಂಗಾಕ್ದೆ ಮಗ, ನಂಗೂ ಏಳ್ಕೊಡು, ಎಂದು ಅಪ್ಪಟ ಇಲ್ಲಿನ ಮಾತಿನಲ್ಲಿ ಕೇಳಿದಳು, ಮಗುವಿನ ಕಾಗದವನ್ನು ಪಿಂಟು ಪೂರ್ತಿ ಓದಿದ, ಮೊದಲಿನಿಂದ ಕೊನೆಯವರೆಗೆ, ಮೇಲ್ವಿಳಾಸ ಸಮೇತ. ಅಂದರೆ ಓದಬಹುದಾಗಿತ್ತು. ಓದಲು ಬರುತ್ತಿತ್ತು ಇವರಿಗೆ. ಉರಿಯಿತು ಭಾಗ್ಯಮ್ಮನಿಗೆ, ಕೆಟ್ಟದ್ದು ಮಾಡಿದಾಗಲೂ ಹೀಗೆ ಉರಿದಿರಲಿಲ್ಲ, ಇಷ್ಟು ಸುಲಭವಾಗಿತ್ತೇ ಒಳ್ಳೆಯದು, ಅರ್ಧ ನಿಮಿಷದ ಕೆಲಸ, ಯಾರೂ ಕ್ಷಮೆ ಕೇಳಲಿಲ್ಲ, ಆರು ವರ್ಷದ ಹಿಂದೆ ಒಂದು ಲಂಗ ಬಂದಿತ್ತು ಅಂತ ಯಾರ ಬಾಯಿಂದಲೂ ಬರಲಿಲ್ಲ, ಹಳೆಯ ಮನೆ ಕೆಡವಿ ಹೊಸದು ಕಟ್ಟಿದರೆ ಒಳಗಿದ್ದವರು ಎಲ್ಲಿ ಹೋದರು ಅಂತ ಕೇಳುವುದು ಬೇಡವೇ. ಸಂದಾಗ್ ಮಾಡವ್ರೆ ಬುಡು ಎಂದಳು ಭದ್ರಮ್ಮ, ಇವಳೂ, ಇವಳೂ ಅವತ್ತು ಸೆರಗು ಕಚ್ಚಿಕೊಂಡು ನಕ್ಕವಳೇ, ಏನು ಮರೆವೋ ಈ ಜನಕ್ಕೆ, ಇಡೀ ನಡುಮನೆ ನಕ್ಕಿತ್ತು, ನಂಜಯ್ಯ ನಕ್ಕಿದ್ದ, ಆ ಗೊಂಬೆ ಮೂಗು ಅಲ್ಲಾಡಿಸಿದ ರೀತಿಯೇ ಹಾಗಿತ್ತು, ನಗು ಬಂದುಬಿಡುವ ಹಾಗೆ, ಯಾರಿಗಾದರೂ, ಎಂಥವರಿಗಾದರೂ — ರಾಣಿ ತಿರುಗಿ ನೋಡಿದಾಗ ಭಾಗ್ಯಮ್ಮನ ಹಲ್ಲೆಲ್ಲ ಕಾಣುತ್ತಿತ್ತು. ನಕ್ಕಿದ್ದಳು. ಅಳತೆ ತಪ್ಪಿದವಳೂ ಅವಳೇ, ನಕ್ಕವಳೂ ಅವಳೇ, ಮಗುವಿನ ಬಾಯಿಗೆ ಕೈ ಹೋದದ್ದು ಪಿಂಟು ಕುಣಿದಾಗಲ್ಲ, ಊರು ನಕ್ಕಾಗಲೂ ಅಲ್ಲ, ತಿರುಗಿ ಅವ್ವನ ಮುಖ ನೋಡಿದ ಮೇಲೆ. ಆರು ವರ್ಷದಿಂದ ಟೀವಿಗೆ ಶಾಪ ಹಾಕಿದ್ದು ಸುಳ್ಳಲ್ಲ, ಆದರೆ ಆ ಶಾಪದ ಹಿಂದೆ ಅವಿತುಕೊಂಡಿದ್ದೂ ಸುಳ್ಳಲ್ಲ.

ಟೀವಿಯಲ್ಲಿ ಕೆಂಪಿ ಈಗ ಹುಲ್ಲಿನ ಗಂಟು ಹಾಕಲು ಹೋಗಿ ತನ್ನ ಜಡೆಯನ್ನೇ ಗಂಟು ಹಾಕಿಕೊಂಡಳು, ಅಯ್ಯೋ ನನ್ ತಲೇನೇ ಗುಬ್ಬಚ್ಚಿ ಆಗೋಯ್ತು ಎಂದು ತಾನೇ ನಕ್ಕಳು, ಭದ್ರಮ್ಮ ನಕ್ಕಳು, ಮತ್ತೆ, ಇದೇನು, ಪಕ್ಕದಲ್ಲಿ ಇನ್ನೊಂದು ನಗು, ಸಣ್ಣದು, ರಾಣಿ ತಿರುಗಿದ್ದಾಳೆ, ಯಾವಾಗ ತಿರುಗಿದಳೋ, ಟೀವಿ ನೋಡುತ್ತಿದ್ದಾಳೆ, ನಕ್ಕಳು, ಕೈ ಮೇಲೆದ್ದಿತು, ಹೊಗೆಸೊಪ್ಪಿನ ಅಂಟು ಮೆತ್ತಿ ಕಪ್ಪಾದ ಕೈ, ನಾಲಿಗೆಗೆ ತಾಗಿದರೆ ದಿನವಿಡೀ ಕಹಿ, ಆದರೂ ಹೋಗಿ ಬಾಯಿಯ ಮೇಲೆ ಕೂತಿತು. ಭಾಗ್ಯಮ್ಮ ಕಡ್ಡಿ ಕೆಳಗಿಟ್ಟಳು. ಮಗ, ಅವತ್ತು ನಾನೂ ನಕ್ಬುಟ್ಟೆ ಕಣವ್ವ, ಎಂದಳು, ತಪ್ಪಾಯ್ತು, ಎಂದಳು, ಭದ್ರಮ್ಮ ಅಗಿಯುವುದನ್ನು ನಿಲ್ಲಿಸಿದಳು, ರಾಣಿ ಟೀವಿಯಿಂದ ಕಣ್ಣು ತೆಗೆದು ಅವ್ವನನ್ನು ನೋಡಿದಳು, ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು. ಗೊತ್ತು ಕಣವ್ವ, ನೋಡಿದ್ನಲ್ಲ, ಎಂದಳು. ಆ ಕೈಯ ಹಿಂದಿನಿಂದ ಎಂದಳು. ಹಾಗಾದರೆ ನಾಳೆ, ನಾಳೆ ಮೇಷ್ಟ್ರಿಗೆ ಹೆಸರು, ಕೇಳಬೇಕು ಎಂದುಕೊಂಡಳು ಭಾಗ್ಯಮ್ಮ, ಕೇಳಲು ಬಾಯಿ ತೆರೆದಳು, ಎದುರಿಗೆ ರಾಣಿಯ ಕೈ, ಕಪ್ಪು ಅಂಟಿನ ಕೈ, ಐದು ಬೆರಳು ಒತ್ತೊತ್ತಾಗಿ, ಮೂಗಿನ ಕೆಳಗಿಂದ ಗಲ್ಲದವರೆಗೆ, ಕೈ, ಬಾಯಿಯ ಮೇಲೆ ಕೈ