ಎಲ್ಲರಿಗೂ ಒಂದೇ ಅಲಗು

“ಲೇ ಬಡ್ಡಿಮಗನೆ, ಕತ್ರಿ ಮದ್ದಲ್ಲಿ ಅದ್ದಿದ್ಯೇನೋ? ಆ ಗಂಟುರೋಗದ ಕುರಿ ರಕ್ತ ಇದಕ್ಕೂ ಬಳೀತೀಯಾ? ನನ್ನ ಹಿಂಡು ಸತ್ರೆ ನಿಮ್ಮಪ್ಪ ತಂದ್ಕೊಡ್ತಾನಾ?”

ಊರ ಯಜಮಾನ ಮ್ಬುಲೆಲೊ ಬೇಲಿಯ ಮೇಲೆ ಕುಳಿತು ಕೂಗಿದ. ಫಿಕಿಲೆ ಕತ್ತರಿಯನ್ನು ಬಕೆಟ್ಟಿನ ಮದ್ದಿನಲ್ಲಿ ಅದ್ದಿ ಮುಂದಿನ ಕುರಿಯ ಕಾಲು ಹಿಡಿದ. ಈ ಕೆಲಸಕ್ಕೆ ಕೂಲಿಯಿಲ್ಲ. ಹುಡುಗರು ಗಂಡಸರ ಸಾಲಿಗೆ ಸೇರಬೇಕಾದರೆ ಮುಂದೊಗಲು ಕೊಯ್ಯುವ ಶಾಸ್ತ್ರವಾಗಬೇಕು. ಅದು ಯಜಮಾನನ ತಾತನ ಅಲಗಿನಿಂದಲೇ ಆಗಬೇಕು. ಆ ಅಲಗಿನ ಋಣಕ್ಕೆ ಹುಡುಗರ ಅಪ್ಪಂದಿರು ಅವನ ಹಿಂಡಿನ ಉಣ್ಣೆ ತೆಗೆಯಬೇಕು.

ಫಿಕಿಲೆಯ ಹಿರಿಮಗನನ್ನು ಏಡ್ಸ್ ತಿಂದಿತ್ತು. ಅವನನ್ನು ಮಣ್ಣು ಮಾಡಿ ಬಂದಂದಿನಿಂದ ಫಿಕಿಲೆ ದೇವರಲ್ಲಿ ಬೇಡುವುದು ಒಂದೇ: ಕಿರಿಮಗ ವುಯಾನಿಯನ್ನಾದರೂ ಉಳಿಸು. ನಾಳೆ ವುಯಾನಿಯ ಸರದಿ.

“ದವಾಖಾನೆ ನರ್ಸಮ್ಮ ಹುಡುಗ್ರಿಗೆ ತಲೆಗೊಂದು ಹೊಸ ಬ್ಲೇಡು ಕಳಿಸಿದ್ಲಲ್ಲ, ಯಜಮಾನ್ರೇ?”

“ಹಿಂದಕ್ಕೆ ಕಳಿಸ್ದೆ. ಹೆಂಗಸಿನ ಕೈ ತಾಗಿದ ಬ್ಲೇಡಿಂದ ಗಂಡಸ್ರು ಹುಟ್ತಾರೇನೋ?”

“ನಾವು ನೀವು ಹುಟ್ಟಿದ್ದು ಹೆಂಗಸಿನ ಹೊಟ್ಟೇಲೇ ಅಲ್ವಾ?”

“ಬಾಯ್ಮುಚ್ಕೊಂಡು ಕುರಿ ನೋಡು.”

ಮರುದಿನ ಬೆಳಿಗ್ಗೆ ಹೊಳೆಯಾಚೆ ಹನ್ನೊಂದು ಹುಡುಗರು ಕಂಬಳಿ ಹೊದ್ದು ಸಾಲಾಗಿ ಕುಳಿತರು. ವುಯಾನಿ ಕೊನೆಯವನು. ಹುಡುಗರ ಹಿಂದೆ ಅಪ್ಪಂದಿರು, ಎದುರಿಗೆ ಯಜಮಾನ. ಕೊಯ್ಯುವ ಮುದುಕ ಅಲಗಿಗೆ ಉಗುಳಿ, ಅಂಗಿಯ ಅಂಚಿನಲ್ಲಿ ಒರೆಸಿದ. ಫಿಕಿಲೆ ಎದ್ದು ಹೋಗಿ ಅವನ ಮಣಿಕಟ್ಟು ಹಿಡಿದ.

“ಕುರಿ ಕುರಿಗೂ ಮದ್ದಲ್ಲಿ ಅದ್ದಿಸಿದ್ರಿ ಯಜಮಾನ್ರೇ. ನಮ್ಮ ಮಕ್ಕಳಿಗೆ ಎಂಜಲಾ?”

“ಕುರಿಗೆ ಪಿತೃಗಳ ಕಾವಲು ಇದೆಯೇನೋ ಕತ್ತೆ? ಮನುಷ್ಯರಿಗಿದೆ. ನಮ್ಮ ತಾತನ ಅಲಗಿಗೆ ರೋಗ ಅಂಟಲ್ಲ.”

“ಹಂಗಾದ್ರೆ ಸರಿ. ಹನ್ನೊಂದು ಹುಡುಗ್ರದ್ದೂ ಆಗ್ಲಿ. ಆಮೇಲೆ ಒರೆಸದೇ ಅದೇ ಅಲಗಲ್ಲಿ ನಿಮ್ಮ ಹೆಬ್ಬೆಟ್ಟಿಗೊಂದು ಗೀರು. ಸಾಸಿವೆಯಷ್ಟು. ಹೂಂ ಅನ್ನಿ, ಕೈ ಬಿಡ್ತೀನಿ.”

ಹಿಂದಿನಿಂದ ಒಬ್ಬ ಅಪ್ಪ ಕಿಸಕ್ಕನೆ ನಕ್ಕ. “ಹೂಂ ಅನ್ನಿ ಯಜಮಾನ್ರೇ, ತಾತನ ಆಶೀರ್ವಾದ ಯಾಕೆ ಬಿಡ್ತೀರಿ?”

“ಹೂಂ ಅನ್ನಿ,” ಎಂದ ಇನ್ನೊಬ್ಬ.

ಮುದುಕನೂ ಅಲಗು ಹಿಡಿದುಕೊಂಡೇ ಯಜಮಾನನತ್ತ ತಿರುಗಿದ. ಯಜಮಾನನ ಎರಡೂ ಕೈ ಮೆಲ್ಲಗೆ ಕೋಟಿನ ಜೇಬಿಗೆ ಇಳಿದವು.

“ಚಳಿ,” ಎಂದ.

ಬಿಸಿಲೇರಿತು. ಯಜಮಾನನ ಮೂಗಿನ ಮೇಲೊಂದು ನೊಣ ಬಂದು ಕುಳಿತಿತು. ಅವನು ಮೂಗು ಕುಣಿಸಿದ. ತುಟಿ ಓರೆ ಮಾಡಿ ಉಫ್ ಎಂದು ಊದಿದ. ನೊಣ ಎದ್ದು, ಒಂದು ಸುತ್ತು ಹಾಕಿ, ಮತ್ತೆ ಅಲ್ಲೇ ಕುಳಿತಿತು. ಹನ್ನೊಂದು ಹುಡುಗರೂ ಕಂಬಳಿಯೊಳಗಿಂದ ಕತ್ತು ಚಾಚಿ ನೋಡುತ್ತಿದ್ದರು. ಕೈ ಮಾತ್ರ ಜೇಬಿನಿಂದ ಹೊರಬರಲಿಲ್ಲ.